ಕೆಲಸ ಬದಲಿಸುವ ಮುನ್ನ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ

ಮನೆಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಕೆಟ್ಟ ಕೆಲಸದಲ್ಲಿ ವರ್ಷಗಟ್ಟಲೆ ಉಳಿದುಬಿಟ್ಟವರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಬಹಳ ಮಂದಿ ಸಿಗುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಬಟ್ಟೆ ಅಂಗಡಿಯ ಕೌಂಟರಿನ ಹಿಂದೆ ನಿಂತು ರಾತ್ರಿ ಎಂಟರವರೆಗೂ ಕುಳಿತುಕೊಳ್ಳಲಾಗದ ಹುಡುಗಿ, ಕೈಗೆ ಸಿಗುವುದಕ್ಕಿಂತ ಹೆಚ್ಚಿನ ಮೊತ್ತಕ್ಕೆ ಸಹಿ ಹಾಕುವ ಶಾಲೆಯ ಟೀಚರ್, ಅಂಕಪಟ್ಟಿಯನ್ನು ಒತ್ತೆಯಿಟ್ಟಂತೆ ಕೊಟ್ಟು ನರ್ಸಿಂಗ್ ಹೋಮಿಗೆ ಸೇರಿದ ನರ್ಸ್, ಪಿಎಫ್ ಎಂಬ ಹೆಸರನ್ನೂ ಕೇಳದೆ ಹತ್ತು ವರ್ಷ ಅಡಿಕೆ ವ್ಯಾಪಾರಿಯ ಲೆಕ್ಕ ಬರೆದ ಗುಮಾಸ್ತ. ಇವರಲ್ಲಿ ಯಾರಿಗಾದರೂ ಮಂಗಳೂರಲ್ಲೋ ಬೈಕಂಪಾಡಿಯಲ್ಲೋ ದೇರಳಕಟ್ಟೆಯಲ್ಲೋ ಇದಕ್ಕಿಂತ ಒಳ್ಳೆಯ ಕೆಲಸ ಸಿಕ್ಕಿತು ಎಂದಿಟ್ಟುಕೊಳ್ಳಿ. ಮನೆಯಲ್ಲಿ ಕೇಳುವ ಮೊದಲ ಮಾತು ಒಂದೇ: "ದಿನಾ ಅಷ್ಟು ದೂರ ಹೋಗಿ ಬರ್ಲಿಕ್ಕೆ ಆಗ್ತದಾ?"

ಪ್ರಶ್ನೆ ಸರಿಯಾದದ್ದೇ. ಆದರೆ ಅದಕ್ಕೆ ಉತ್ತರ ಹುಡುಕುವವರು ಕಡಿಮೆ. ಪ್ರಶ್ನೆ ಎದ್ದ ಕೂಡಲೇ ಮಾತು ಮುಗಿಯುತ್ತದೆ, ಹಳೆಯ ಕೆಲಸ ಮುಂದುವರಿಯುತ್ತದೆ. ದೂರ ಎಂಬುದನ್ನು ಹೆದರಿಕೆಯಾಗಿ ನೋಡದೆ ಗಂಟೆ, ರೂಪಾಯಿ ಮತ್ತು ಕಾಗದಪತ್ರಗಳಲ್ಲಿ ಅಳೆದು ನೋಡಿದರೆ ಸುಮಾರು ಮಂದಿಗೆ ಉತ್ತರ "ಆಗ್ತದೆ" ಎಂದೇ ಬರುತ್ತದೆ. ಕೆಲವರಿಗೆ "ಬೇಡ" ಎಂದೂ ಬರಬಹುದು. ಅಳೆಯುವುದು ಹೇಗೆ, ಬಿಡುವುದಾದರೆ ಏನೇನು ಕೈಯಲ್ಲಿ ಹಿಡಿದುಕೊಂಡು ಹೊರಡಬೇಕು ಎಂಬುದನ್ನು ಹೇಳುವುದಕ್ಕೆ ಈ ಲೇಖನ.

ಮೂರು ತಾಲೂಕು, ಮೂರು ಬಗೆಯ ದಾರಿ

ಮಂಗಳೂರಿಗೆ ಹೋಗಿ ಬರುವ ವಿಚಾರದಲ್ಲಿ ಈ ಮೂರು ತಾಲೂಕುಗಳಿಗೆ ಒಂದೇ ಲೆಕ್ಕ ಹಾಕಲು ಬರುವುದಿಲ್ಲ. ಬಿ.ಸಿ.ರೋಡಿನಿಂದ ಮಂಗಳೂರಿಗೆ ಸುಮಾರು 25 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಧರ್ಮಸ್ಥಳ, ಪುತ್ತೂರು, ಸುಬ್ರಹ್ಮಣ್ಯ ಕಡೆಯಿಂದ ಬರುವ ಬಸ್ಸುಗಳೆಲ್ಲ ಇಲ್ಲಿ ಸೇರುತ್ತವೆ. ಬಂಟ್ವಾಳ ಎಂಬ ಹೆಸರಿನ ರೈಲು ನಿಲ್ದಾಣ ಇರುವುದೂ ಬಿ.ಸಿ.ರೋಡಿನಲ್ಲೇ. ಮಂಗಳೂರು–ಕಬಕ ಪುತ್ತೂರು ಪ್ಯಾಸೆಂಜರ್ ರೈಲು 2025ರ ಏಪ್ರಿಲ್‌ನಿಂದ ಸುಬ್ರಹ್ಮಣ್ಯ ರೋಡಿನವರೆಗೆ ಓಡುತ್ತಿದೆ. ಅದರ ಸಮಯ ನಿಮ್ಮ ಡ್ಯೂಟಿಗೆ ಹೊಂದಿದರೆ ತಿಂಗಳ ಸೀಸನ್ ಟಿಕೆಟ್‌ಗಿಂತ ಅಗ್ಗದ ಪ್ರಯಾಣ ಬೇರೊಂದಿಲ್ಲ. ಪಂಪ್‌ವೆಲ್‌ನಲ್ಲಿ, ನಂತೂರಿನಲ್ಲಿ ಬಸ್ಸು ಸಿಕ್ಕಿಹಾಕಿಕೊಳ್ಳುವ ಚಿಂತೆಯೂ ಇರುವುದಿಲ್ಲ. ಬಸ್ಸಿನ ಅಭ್ಯಾಸದಲ್ಲಿ ಈ ರೈಲನ್ನು ಮರೆತೇಬಿಟ್ಟವರು ಬಂಟ್ವಾಳದಲ್ಲಿ ಎಷ್ಟೋ ಮಂದಿ.

ಬೆಳ್ತಂಗಡಿ ಮಂಗಳೂರಿನಿಂದ ಸುಮಾರು 60 ಕಿ.ಮೀ. ಗುರುವಾಯನಕೆರೆ, ಮಡಂತ್ಯಾರು, ಪುಂಜಾಲಕಟ್ಟೆ ದಾಟಿ ಬಂಟ್ವಾಳ ಸೇರುವ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ದಾರಿ ಉದ್ದ; ಪುಂಜಾಲಕಟ್ಟೆ–ಚಾರ್ಮಾಡಿ ನಡುವಿನ ರಸ್ತೆ ಅಗಲೀಕರಣ ಪ್ರಯಾಣಿಕರನ್ನು ಸಾಕಷ್ಟು ಸತಾಯಿಸಿದೆ. ಬಸ್ಸಿನೊಳಗೇ ಒಂದೂಮುಕ್ಕಾಲರಿಂದ ಎರಡು ಗಂಟೆ ಹಿಡಿಯಿರಿ. ಆದರೆ ಈ ದಾರಿಗೆ ಒಂದು ದೊಡ್ಡ ಅನುಕೂಲವಿದೆ. ಧರ್ಮಸ್ಥಳದ ದೆಸೆಯಿಂದ ಇಲ್ಲಿ ಕೆಎಸ್‌ಆರ್‌ಟಿಸಿ ಬಸ್ಸುಗಳು ಧಾರಾಳ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಟಿಕೆಟ್ ಇಲ್ಲ. ಗಂಡಸರಿಗಾದರೆ 2025ರ ಜನವರಿಯಲ್ಲಿ ದರ ಶೇ. 15ರಷ್ಟು ಏರಿದೆ.

ಮೂಡುಬಿದಿರೆಯ ಕತೆ ಇದಕ್ಕೆ ತಿರುಗುಮುರುಗು. ದೂರ ಕಡಿಮೆ, ಸುಮಾರು 35 ಕಿ.ಮೀ. ಬಸ್ಸುಗಳೂ ಒಂದರ ಹಿಂದೆ ಒಂದು ಬರುತ್ತವೆ. ಆದರೆ ಹೆಚ್ಚಿನವು ಖಾಸಗಿ ಬಸ್ಸುಗಳು. ಶಕ್ತಿ ಯೋಜನೆ ಅವುಗಳಲ್ಲಿ ನಡೆಯುವುದಿಲ್ಲ. ಹೀಗಾಗಿ 60 ಕಿ.ಮೀ. ದೂರದ ಬೆಳ್ತಂಗಡಿಯ ಹೆಂಗಸು ಬಿಡಿಗಾಸು ಕೊಡದೆ ಮಂಗಳೂರು ತಲುಪಬಹುದು, 35 ಕಿ.ಮೀ. ದೂರದ ಮೂಡುಬಿದಿರೆಯವರು ಎರಡೂ ಹೊತ್ತು ಟಿಕೆಟ್ ತೆಗೆಯಬೇಕು. ಇದು ನ್ಯಾಯವಲ್ಲ. ಆದರೆ ಲೆಕ್ಕ ಹಾಕುವಾಗ ಇರುವುದನ್ನು ಇದ್ದಂತೆಯೇ ಹಾಕಬೇಕು. ಕುಲಶೇಖರದಿಂದ ಸಾಣೂರಿನವರೆಗಿನ ರಾಷ್ಟ್ರೀಯ ಹೆದ್ದಾರಿ 169ರ ಚತುಷ್ಪಥ ಕಾಮಗಾರಿಯೂ ಈ ದಾರಿಯ ಸಮಯವನ್ನು ಬಹಳ ಕಾಲ ಕದ್ದಿದೆ.

ಇನ್ನೊಂದು ವಿಷಯ. ಒಳ್ಳೆಯ ಕೆಲಸ ಎಂದರೆ ಮಂಗಳೂರು ಪೇಟೆಯೊಳಗೇ ಇರಬೇಕೆಂದಿಲ್ಲ. ದೇರಳಕಟ್ಟೆಯ ಆಸ್ಪತ್ರೆಗಳಲ್ಲೋ ಮುಡಿಪುವಿನ ಇನ್ಫೋಸಿಸ್ ಕಡೆಯೋ ಕೆಲಸವಾದರೆ ಬಂಟ್ವಾಳದವರು ಪಂಪ್‌ವೆಲ್ ಸುತ್ತಬೇಕಾಗಿಲ್ಲ. ಮೇಲ್ಕಾರಿನಲ್ಲಿ ತಿರುಗಿದರೆ ಮುಡಿಪು, ಕೊಣಾಜೆ ದಾರಿಯಾಗಿ ದೇರಳಕಟ್ಟೆ ಸಿಗುತ್ತದೆ. ಮೂಡುಬಿದಿರೆಯವರಿಗೆ ಬಜ್ಪೆ–ಪೆರ್ಮುದೆ ಕಡೆಯ ಎಸ್‌ಇಝಡ್‌ನಲ್ಲಿ ಕೆಲಸವಾದರೆ ಗುರುಪುರ ಕೈಕಂಬದಲ್ಲೇ ಬಸ್ಸು ಬದಲಿಸಿ ಬಜ್ಪೆಗೆ ಹೋಗಬಹುದು. ಗಂಜಿಮಠದ ರಫ್ತು ಉತ್ತೇಜನ ಕೈಗಾರಿಕಾ ಪಾರ್ಕ್ ಅಂತೂ ಮೂಡುಬಿದಿರೆ ದಾರಿಯಲ್ಲೇ ಇದೆ. ಕೆಲಸ ಹುಡುಕುವಾಗ ಭೂಪಟವನ್ನು ಮಂಗಳೂರಿನ ಕಡೆಯಿಂದ ನೋಡುವುದನ್ನು ಬಿಟ್ಟು ನಿಮ್ಮ ಮನೆಯ ಕಡೆಯಿಂದ ನೋಡಿ. ಉಜಿರೆ, ಮೂಡುಬಿದಿರೆಯ ವಿದ್ಯಾಗಿರಿ, ಮಿಜಾರುಗಳಲ್ಲಿ ದೊಡ್ಡ ವಿದ್ಯಾಸಂಸ್ಥೆಗಳಿವೆ. ಅಲ್ಲಿ ಪಾಠ ಮಾಡುವವರಿಗೆ ಮಾತ್ರ ಕೆಲಸ ಎಂದುಕೊಳ್ಳಬೇಡಿ. ಲೆಕ್ಕಪತ್ರ, ಲ್ಯಾಬ್, ಹಾಸ್ಟೆಲ್, ವಾಹನ ವಿಭಾಗಗಳಿಗೂ ಜನ ಬೇಕು. ಆಳ್ವಾಸ್ ಸಂಸ್ಥೆ ನಡೆಸುವ 'ಪ್ರಗತಿ' ಉದ್ಯೋಗ ಮೇಳಕ್ಕೆ ಈಗ ಕೆಲಸದಲ್ಲಿರುವವರೂ ಹೋಗಿ ನೋಡಬಹುದು. 1982ರಿಂದ ನಡೆಯುತ್ತಿರುವ ಉಜಿರೆಯ ರುಡ್‌ಸೆಟ್ ಸಂಸ್ಥೆಯ ತರಬೇತಿಗಳು ಸ್ವಂತ ಉದ್ಯೋಗದ ಕಡೆಗೆ ಹೊರಳುವವರಿಗೆ ಇನ್ನೊಂದು ಬಾಗಿಲು.

ಗಂಟೆಗೆ ಎಷ್ಟು ಬೀಳುತ್ತದೆ?

ಎರಡು ಸಂಬಳಗಳನ್ನು ಹೋಲಿಸುವಾಗ ತಿಂಗಳ ಮೊತ್ತವನ್ನು ಮಾತ್ರ ನೋಡುವುದು ರೂಢಿ. ಸರಿಯಾದ ಹೋಲಿಕೆ ಗಂಟೆಯದ್ದು. ಅದರಲ್ಲಿ ಮನೆಯ ಮೆಟ್ಟಿಲು ಇಳಿದ ಕ್ಷಣದಿಂದ ಮತ್ತೆ ಮೆಟ್ಟಿಲು ಹತ್ತುವವರೆಗಿನ ಸಮಯವೆಲ್ಲ ಸೇರಬೇಕು. ಬಸ್ ಸ್ಟಾಪಿಗೆ ನಡೆಯುವುದು, ಕಾಯುವುದು, ಮಂಗಳೂರಲ್ಲಿ ಇಳಿದು ಸಿಟಿ ಬಸ್ ಹಿಡಿಯುವುದು ಎಲ್ಲವೂ.

ಒಂದು ಉದಾಹರಣೆ ಮಾಡಿ ನೋಡೋಣ. ಬೆಳ್ತಂಗಡಿ ಪೇಟೆಯಲ್ಲಿ ಈಗಿನ ಕೆಲಸಕ್ಕೆ 14,000 ರೂಪಾಯಿ, ದಿನಕ್ಕೆ 10 ಗಂಟೆ ದುಡಿಮೆ, ಹೋಗಿ ಬರಲು ಅರ್ಧ ಗಂಟೆ. 26 ದಿನಕ್ಕೆ 273 ಗಂಟೆ. ಗಂಟೆಗೆ 51 ರೂಪಾಯಿ ಬಿತ್ತು. ಮಂಗಳೂರಿನ ಹೊಸ ಕೆಲಸಕ್ಕೆ ಕೈಗೆ 20,000, ಊಟದ ಬಿಡುವೂ ಸೇರಿ ಎಂಟೂವರೆ ಗಂಟೆ, ಹೋಗಿ ಬರಲು ನಾಲ್ಕು ಗಂಟೆ. ತಿಂಗಳಿಗೆ 325 ಗಂಟೆ. ಗಂಡಸಾಗಿದ್ದು ದಿನಕ್ಕೆ 150 ರೂಪಾಯಿ ಬಸ್ಸಿಗೆ ಹೋದರೆ 3,900 ಕಳೆದು ಉಳಿಯುವುದು 16,100, ಅಂದರೆ ಗಂಟೆಗೆ 49 ರೂಪಾಯಿ ಚಿಲ್ಲರೆ. ಆರು ಸಾವಿರ ಹೆಚ್ಚು ಸಂಬಳ ಎಂದು ಕುಣಿದಾಡಿದ್ದು ಇಲ್ಲಿ ಕರಗಿಹೋಯಿತು. ಅದೇ ಕೆಲಸಕ್ಕೆ ಹೆಂಗಸು ಸರ್ಕಾರಿ ಬಸ್ಸಿನಲ್ಲಿ ಬಂದು, ಪೇಟೆಯೊಳಗಿನ ಬಸ್ಸಿಗೆ ಮಾತ್ರ ದಿನಕ್ಕೆ 30 ರೂಪಾಯಿ ಕೊಟ್ಟರೆ ಉಳಿಯುವುದು 19,220; ಗಂಟೆಗೆ 59 ರೂಪಾಯಿ. ಕೆಲಸ ಒಂದೇ, ಸಂಬಳ ಒಂದೇ, ಬಸ್ಸು ಬೇರೆಯಾದ್ದರಿಂದ ಉತ್ತರ ಬೇರೆ.

ಈ ಅಂಕಿಗಳು ಮಾದರಿಗೆ ಮಾತ್ರ. ನಿಮ್ಮವನ್ನು ಹಾಕಿ ನೋಡಿ. ಹಾಕುವ ಮೊದಲು ಹೊಸ ಮಾಲೀಕರ ಬಳಿ ಒಂದು ಪ್ರಶ್ನೆ ಕೇಳಲೇಬೇಕು: "ಕೈಗೆ ಎಷ್ಟು ಬರ್ತದೆ?" ಕೆಲವು ಕಡೆ ಮಾಲೀಕರು ಕಟ್ಟಬೇಕಾದ ಪಿಎಫ್, ಇಎಸ್‌ಐ ಪಾಲನ್ನೂ ಸೇರಿಸಿ 'ಇಪ್ಪತ್ತು ಸಾವಿರ' ಎನ್ನುತ್ತಾರೆ. ಎರಡೂ ಕಡೆಯ ಪಾಲು ಕಳೆದರೆ ಕೈಗೆ ಹದಿನಾರು ಸಾವಿರವೂ ಬರದೆ ಹೋಗಬಹುದು. ಮೊದಲ ತಿಂಗಳ ಸಂಬಳದ ದಿನ ಇದು ತಿಳಿಯುವುದಕ್ಕಿಂತ ಸಂದರ್ಶನದ ದಿನವೇ ತಿಳಿಯುವುದು ಒಳ್ಳೆಯದು.

ಲೆಕ್ಕ ಸರಿಸಮ ಬಂದರೆ ಏನು ಮಾಡುವುದು? ನನ್ನ ಅಭಿಪ್ರಾಯದಲ್ಲಿ ಆಗಲೂ ಕೆಲವು ಕಾರಣಗಳಿಗಾಗಿ ಹೋಗುವುದೇ ಸರಿ: ನೇಮಕಾತಿ ಪತ್ರ ಇದೆ, ಪಿಎಫ್ ಇದೆ, ವಾರದ ರಜೆ ಕೇಳಿ ಪಡೆಯಬೇಕಾಗಿಲ್ಲ, ಕಲಿಯಲು ಏನಾದರೂ ಇದೆ, ಬೈಗುಳ ಇಲ್ಲ. ಇವು ಯಾವುವೂ ಇಲ್ಲದೆ ಬರೀ ಎರಡು ಸಾವಿರ ಹೆಚ್ಚಿಗೆ ಎಂದು ನಾಲ್ಕು ಗಂಟೆ ಬಸ್ಸಿನಲ್ಲಿ ಕಳೆಯಬೇಡಿ. ಅಲೋಯಿಸ್ ಸ್ಟುಟ್ಜರ್ ಮತ್ತು ಬ್ರೂನೋ ಫ್ರೈ ಎಂಬ ಅರ್ಥಶಾಸ್ತ್ರಜ್ಞರು ಜರ್ಮನಿಯ ಕುಟುಂಬಗಳ ಮಾಹಿತಿ ಇಟ್ಟುಕೊಂಡು ಈ ವಿಷಯವನ್ನೇ ಪರಿಶೀಲಿಸಿ 2008ರಲ್ಲಿ ಪ್ರಬಂಧ ಪ್ರಕಟಿಸಿದ್ದರು. ದೂರ ಹೋಗುವವರಿಗೆ ಹೆಚ್ಚು ಸಂಬಳದಿಂದಲೋ ಅಗ್ಗದ ಮನೆಯಿಂದಲೋ ನಷ್ಟ ತುಂಬಿಬರಬೇಕು ಎನ್ನುವುದು ಪುಸ್ತಕದ ಲೆಕ್ಕ. ಹಾಗೆ ತುಂಬಿಬರುವುದಿಲ್ಲ, ಪ್ರಯಾಣ ಉದ್ದವಾದಷ್ಟೂ ಬದುಕಿನ ಬಗ್ಗೆ ತೃಪ್ತಿ ಕಡಿಮೆಯಾಗುತ್ತದೆ ಎಂಬುದು ಅವರಿಗೆ ಕಂಡದ್ದು. ಅಲ್ಲಿನ ರೈಲು, ರಸ್ತೆಗಳ ನಡುವೆಯೇ ಹೀಗಾದರೆ ನಮ್ಮ ಜುಲೈ ತಿಂಗಳ ರಸ್ತೆಯನ್ನು ಯೋಚಿಸಿ.

ಮಳೆಗಾಲದ ಸೋಮವಾರ, ರಾತ್ರಿಯ ಕೊನೆಯ ಬಸ್ಸು

ಜನವರಿಯ ಒಂದು ಮಂಗಳವಾರ ಹೋಗಿ ಬಂದು "ಒಂದೂವರೆ ಗಂಟೆ ಅಷ್ಟೆ" ಎಂದು ತೀರ್ಮಾನಿಸಬೇಡಿ. ಪರೀಕ್ಷೆಗೆ ಸರಿಯಾದ ದಿನ ಸೋಮವಾರ ಬೆಳಿಗ್ಗೆ. ಸಾಧ್ಯವಾದರೆ ಮಳೆ ಬರುವ ಸೋಮವಾರ. ಹೊಸ ಕೆಲಸಕ್ಕೆ ಹೊರಡುವ ಹೊತ್ತಿಗೇ ಮನೆಯಿಂದ ಹೊರಟು, ಕೆಲಸ ಬಿಡುವ ಹೊತ್ತಿನವರೆಗೆ ಅಲ್ಲೇ ಇದ್ದು, ಅದೇ ಬಸ್ಸಿಗೆ ವಾಪಸು ಬನ್ನಿ. ಸೀಟು ಸಿಕ್ಕಿತೇ, ನಿಂತೇ ಬಂದಿರೇ, ನಿಮ್ಮ ಸ್ಟಾಪಿನಲ್ಲಿ ಎಕ್ಸ್‌ಪ್ರೆಸ್ ನಿಲ್ಲಿಸಿದರೇ ಎಂಬುದೆಲ್ಲ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ವಾಮದಪದವು, ಸಿದ್ದಕಟ್ಟೆ, ವೇಣೂರು, ಅಳದಂಗಡಿ, ನಾರಾವಿಯಂಥ ಊರಿನವರಿಗೆ ಮುಖ್ಯ ಪ್ರಶ್ನೆ ಮಂಗಳೂರಿನ ಬಸ್ಸಿನದ್ದಲ್ಲ, ಪೇಟೆಯಿಂದ ಊರಿಗೆ ಹೋಗುವ ಕೊನೆಯ ಬಸ್ಸಿನದ್ದು. ಮಂಗಳೂರಿನ ಬಸ್ಸು ಹತ್ತು ನಿಮಿಷ ತಡವಾಗಿ ಊರಿನ ಬಸ್ಸು ತಪ್ಪಿದರೆ ರಿಕ್ಷಾಕ್ಕೆ ಕೊಡುವ ದುಡ್ಡು ಅಂದಿನ ಸಂಬಳದ ಅರ್ಧ. ಭಾನುವಾರ ಮತ್ತು ಹಬ್ಬದ ದಿನ ಖಾಸಗಿ ಬಸ್ಸುಗಳ ಟ್ರಿಪ್ ಕಟ್ ಆಗುತ್ತದೆ. ಆಸ್ಪತ್ರೆ, ಹೋಟೆಲು, ಮಾಲ್‌ಗಳಲ್ಲಿ ಭಾನುವಾರವೂ ಡ್ಯೂಟಿ ಇರುವವರು ಆ ದಿನದ ಬಸ್ಸುಗಳನ್ನು ಬೇರೆಯಾಗಿಯೇ ಕೇಳಿ ತಿಳಿದುಕೊಳ್ಳಬೇಕು.

ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ಶಾಲೆ ಕಾಲೇಜುಗಳಿಗೆ ರಜೆ ಕೊಡುತ್ತಾರೆ. ನೌಕರರಿಗೆ ಆ ರಜೆ ಇಲ್ಲ. ಮಕ್ಕಳು ಮನೆಯಲ್ಲಿ, ತಾಯಿ ಅರುವತ್ತು ಕಿಲೋಮೀಟರ್ ಆಚೆ. ಅಂಥ ದಿನ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಕೆಲಸಕ್ಕೆ ಸೇರುವ ಮೊದಲೇ ಮನೆಯಲ್ಲಿ ಕುಳಿತು ಮಾತನಾಡಿಕೊಳ್ಳಬೇಕು. ನೇತ್ರಾವತಿ ತುಂಬಿದರೆ ಬಂಟ್ವಾಳ ಪೇಟೆ, ಪಾಣೆಮಂಗಳೂರಿನ ತಗ್ಗುಗಳಿಗೆ ನೀರು ನುಗ್ಗುವುದು 1974ರ ದೊಡ್ಡ ನೆರೆ ಕಂಡ ಹಿರಿಯರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಮೂಡುಬಿದಿರೆ ದಾರಿಯಲ್ಲಿ ವಾಮಂಜೂರಿನ ಕೆತ್ತಿಕಲ್ ಗುಡ್ಡದ ಮಣ್ಣು ಇತ್ತೀಚಿನ ಮಳೆಗಾಲಗಳಲ್ಲಿ ಭಯ ಹುಟ್ಟಿಸಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರಯಾಣಕ್ಕೆ ಪ್ರತಿ ಸಲವೂ ಅರ್ಧ ಗಂಟೆ ಹೆಚ್ಚು ಹಿಡಿಯುವುದು ಅತಿಯೇನಲ್ಲ.

ಬೈಕಿನ ವಿಚಾರ. ಬಿ.ಸಿ.ರೋಡಿನಿಂದ, ಕೈಕಂಬದಿಂದ ಬೈಕಿನಲ್ಲಿ ಹೋಗುವವರಿದ್ದಾರೆ. ಬೆಳ್ತಂಗಡಿಯಿಂದ ದಿನಾ 120 ಕಿ.ಮೀ. ಬೈಕು ಓಡಿಸುವುದು ಬೇಡವೆಂದೇ ನಾನು ಹೇಳುತ್ತೇನೆ. ಟ್ಯಾಂಕರ್, ಟಿಪ್ಪರ್‌ಗಳ ನಡುವೆ, ಮಳೆಯಲ್ಲಿ, ರಾತ್ರಿ, ಆಯಾಸದಲ್ಲಿ ಓಡಿಸುವ ಬೈಕು ಯಾವ ಸಂಬಳಕ್ಕೂ ತಕ್ಕುದಲ್ಲ. ಮನೆಯಿಂದ ಗುರುವಾಯನಕೆರೆಗೋ ಮಡಂತ್ಯಾರಿಗೋ ಬೈಕು, ಅಲ್ಲಿಂದ ಬಸ್ಸು ಎಂಬ ವ್ಯವಸ್ಥೆ ಕೊನೆಯ ಬಸ್ಸಿನ ತಲೆನೋವನ್ನೂ ಕಳೆಯುತ್ತದೆ.

ಹೊಸ ಕಡೆ ಏನು ಕೇಳಬೇಕು

"ಸೋಮವಾರದಿಂದ ಬನ್ನಿ" ಎಂಬ ಬಾಯಿಮಾತನ್ನು ನಂಬಿ ಇದ್ದ ಕೆಲಸ ಬಿಡಬೇಡಿ. ನೇಮಕಾತಿ ಪತ್ರ ಕೈಗೆ ಬಂದ ಮೇಲೆಯೇ ರಾಜೀನಾಮೆ. 2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನೌಕರರಿಗೆ ನೇಮಕಾತಿ ಪತ್ರ ಕೊಡುವುದು ಈಗ ಮಾಲೀಕರ ಔದಾರ್ಯವಾಗಿ ಉಳಿದಿಲ್ಲ, ಕರ್ತವ್ಯವಾಗಿದೆ. ಅಂಗಡಿ, ಕಚೇರಿಗಳಿಗೆ ಅನ್ವಯಿಸುವ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಇದೆ. ಈಗಿನ ಕೆಲಸದಲ್ಲಿ ಇದು ಪಾಲನೆಯಾಗುತ್ತಿಲ್ಲ ಎಂದೇ ನೀವು ಹೊರಡುತ್ತಿರಬಹುದು. ಹೊಸ ಕಡೆಯಲ್ಲಾದರೂ ಪಾಲಿಸುತ್ತಾರೆಯೇ ಎಂದು ಅಲ್ಲಿ ದುಡಿಯುವವರನ್ನೇ ವಿಚಾರಿಸಿ. ಒಳ್ಳೆಯ ಮೂಲ ಅಂದರೆ ನಿಮ್ಮ ಬಸ್ಸಿನಲ್ಲೇ ದಿನಾ ಅಲ್ಲಿಗೆ ಹೋಗುವವರು.

ಸಂಬಳದ ಚೌಕಾಸಿಗಿಂತ ಸಮಯದ ಚೌಕಾಸಿ ದೂರದಿಂದ ಬರುವವರಿಗೆ ಹೆಚ್ಚು ಬೆಲೆಯದ್ದು. ಒಂಬತ್ತರ ಬದಲು ಒಂಬತ್ತೂವರೆಗೆ ಬರಬಹುದೇ, ಆರಕ್ಕೆ ಬದಲು ಐದೂವರೆಗೆ ಬಿಡುವುದಾದರೆ ಊಟದ ಬಿಡುವು ಕಡಿಮೆ ಮಾಡಿಕೊಳ್ಳಬಹುದೇ, ಸ್ಟಾಫ್ ಬಸ್ ಎಲ್ಲಿಯವರೆಗೆ ಬರುತ್ತದೆ, ಮಳೆಗೆ ದಾರಿ ಬಂದ್ ಆದರೆ ಅರ್ಧ ದಿನದ ಸಂಬಳ ಹಿಡಿಯುತ್ತೀರೇ ಎಂದು ಸಂದರ್ಶನದಲ್ಲೇ ಕೇಳುವುದರಲ್ಲಿ ಸಂಕೋಚ ಬೇಡ. ಒಪ್ಪಿದ್ದನ್ನು ಒಂದು ವಾಟ್ಸಾಪ್ ಸಂದೇಶದಲ್ಲಾದರೂ ಬರೆಸಿಕೊಳ್ಳಿ. ನರ್ಸುಗಳಿಗೆ ಇನ್ನೊಂದು ಮಾತು: ಆಸ್ಪತ್ರೆಗೆ ಹಾಸ್ಟೆಲ್ ಇದ್ದರೆ, ಉದ್ದದ ಶಿಫ್ಟ್‌ಗಳನ್ನು ಒಟ್ಟಿಗೆ ಹಾಕಿಸಿಕೊಂಡು ನಡುವೆ ಎರಡು ದಿನ ಊರಿಗೆ ಬರುವುದು ದಿನಾ ಓಡಾಡುವುದಕ್ಕಿಂತ ದೇಹಕ್ಕೆ ಹಿತ.

ಇಎಸ್‌ಐ ಬಗ್ಗೆ ತುಸು ವಿವರವಾಗಿ ಹೇಳಬೇಕು. ದೂರ ಓಡಾಡುವವರಿಗೆ ಅದರಷ್ಟು ಉಪಯೋಗದ್ದು ಇನ್ನೊಂದಿಲ್ಲ. ತಿಂಗಳ ವೇತನ 21,000ದೊಳಗೆ ಇರುವವರಿಗೆ ಇದು ಅನ್ವಯ. ನೌಕರನ ಪಾಲು ಶೇ. 0.75, ಮಾಲೀಕರದ್ದು ಶೇ. 3.25. ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸದಿಂದ ಮನೆಗೆ ಬರುವಾಗ ದಾರಿಯಲ್ಲಿ ಆದ ಅಪಘಾತವನ್ನೂ ಕೆಲಸಕ್ಕೆ ಸಂಬಂಧಿಸಿದ್ದೆಂದೇ ಪರಿಗಣಿಸಬೇಕು ಎಂಬ 51-ಇ ಕಲಮನ್ನು ಇಎಸ್‌ಐ ಕಾಯ್ದೆಗೆ 2010ರಲ್ಲಿ ಸೇರಿಸಲಾಯಿತು. ಹೊತ್ತು, ಜಾಗ ಮತ್ತು ಸಂದರ್ಭ ಕೆಲಸಕ್ಕೆ ಹೊಂದಬೇಕು ಎಂಬುದಷ್ಟೇ ಷರತ್ತು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ತತ್ವ ಉಳಿದಿದೆ. ಗಾಯಗೊಂಡು ಕೆಲಸಕ್ಕೆ ಹೋಗಲಾಗದ ದಿನಗಳಿಗೆ ವೇತನದ ಶೇ. 90ರಷ್ಟು ಸಿಗುತ್ತದೆ. ಹೀಗಿದ್ದೂ ದಾರಿಯಲ್ಲಿ ಬಿದ್ದದ್ದಕ್ಕೆ ಕಂಪೆನಿ ಏನು ಮಾಡೀತು ಎಂದು ಸುಮ್ಮನಿದ್ದುಬಿಡುವವರೇ ಹೆಚ್ಚು.

ಇಲ್ಲೇ ಒಂದು ಎಚ್ಚರವೂ ಇದೆ. ಹೊಸ ಸಂಬಳ 22,000 ಎಂದಾದರೆ ನೀವು ಇಎಸ್‌ಐನಿಂದ ಹೊರಗೆ. ಮನೆಯಲ್ಲಿ ಡಯಾಲಿಸಿಸ್‌ನಲ್ಲಿರುವ ಅಪ್ಪನೋ ಹೆರಿಗೆಗೆ ಕಾದಿರುವ ಹೆಂಡತಿಯೋ ಇದ್ದರೆ ಆ ಒಂದು ಸಾವಿರಕ್ಕಿಂತ ಇಎಸ್‌ಐ ಕಾರ್ಡು ದೊಡ್ಡದು. ಕಂಪೆನಿಯ ಆರೋಗ್ಯ ವಿಮೆ ಇದೆಯೇ, ತಂದೆ ತಾಯಿಗೂ ಅನ್ವಯಿಸುತ್ತದೆಯೇ ಎಂದು ಕೇಳಿದ ಮೇಲೆಯೇ ಒಪ್ಪಿಕೊಳ್ಳಿ. ಇದರ ಜೊತೆಗೆ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನು ಬ್ಯಾಂಕಿನಲ್ಲಿ ಮಾಡಿಸಿಟ್ಟುಕೊಳ್ಳಿ. ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ ರೂಪಾಯಿ ಕುಟುಂಬಕ್ಕೆ ಬರುತ್ತದೆ.

ಬಿಡುವಾಗ ಬರಿಗೈಯಲ್ಲಿ ಬಿಡಬೇಡಿ

ನಮ್ಮ ಪೇಟೆಗಳಲ್ಲಿ ಧನಿಗಳೆಂದರೆ ಬರೀ ಧನಿಗಳಲ್ಲ. ದೂರದ ಸಂಬಂಧಿಕರಾಗಿರಬಹುದು, ದೇವಸ್ಥಾನದ ಆಡಳಿತ ಮಂಡಳಿಯಲ್ಲೋ ಇಗರ್ಜಿಯ ಪಾಲನಾ ಮಂಡಳಿಯಲ್ಲೋ ಜಮಾತಿನಲ್ಲೋ ಮುಖ್ಯಸ್ಥರಾಗಿರಬಹುದು, ತಂಗಿಯ ಮದುವೆಗೆ ಕೈಗಡ ಕೊಟ್ಟವರಾಗಿರಬಹುದು. ಅದಕ್ಕೇ ಇಲ್ಲಿ ಕೆಲಸ ಬಿಡುವುದು ಪಟ್ಟಣದಷ್ಟು ಸುಲಭವಲ್ಲ. ಹಾಗೆಂದು ಫೋನು ಎತ್ತದೆ ಓಡಿಹೋಗುವುದು ತಪ್ಪು. ಮುಂದೆ ಅನುಭವ ಪತ್ರಕ್ಕೆ ಅವರ ಬಳಿಯೇ ಹೋಗಬೇಕು. ಒಳಗೆ ಎಷ್ಟು ಸಿಟ್ಟಿದ್ದರೂ ಮಾತು ಚಿಕ್ಕದಾಗಿರಲಿ: "ಸರ್, ಬರುವ ತಿಂಗಳ ಕೊನೆಗೆ ನಾನು ಬಿಡ್ತೇನೆ. ಅಷ್ಟರೊಳಗೆ ಬೇರೆಯವರಿಗೆ ಕೆಲಸ ಹೇಳಿಕೊಡ್ತೇನೆ." ಕಾರಣಗಳ ಪಟ್ಟಿ ಬೇಡ. ಕಾರಣ ಹೇಳಿದಷ್ಟೂ ವಾದ ಬೆಳೆಯುತ್ತದೆ. ಅಡ್ವಾನ್ಸ್ ಪಡೆದಿದ್ದರೆ ಎಷ್ಟು ತೀರಿದೆ, ಎಷ್ಟು ಬಾಕಿ ಎಂದು ಅವತ್ತೇ ಬರೆಸಿಕೊಳ್ಳಿ.

ರಾಜೀನಾಮೆ ಬರವಣಿಗೆಯಲ್ಲೇ ಇರಬೇಕು. ತಾರೀಕು ಹಾಕಿ, ಇನ್ನೊಂದು ಪ್ರತಿಯಲ್ಲಿ 'ಸ್ವೀಕರಿಸಿದೆ' ಎಂದು ಸಹಿ ಪಡೆಯಿರಿ. ಕೊಡದಿದ್ದರೆ ಇ-ಮೇಲ್ ಅಥವಾ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ನೇಮಕಾತಿ ಪತ್ರದಲ್ಲಿ ಹೇಳಿದಷ್ಟು ದಿನ ನೋಟಿಸು ಕೊಡಿ. ಸೊಸೈಟಿ, ಚಿನ್ನದ ಅಂಗಡಿ, ಪೆಟ್ರೋಲ್ ಪಂಪುಗಳಲ್ಲಿ ನಗದು ನೋಡಿಕೊಳ್ಳುವವರು ಕೊನೆಯ ದಿನ ನಗದು, ದಾಸ್ತಾನು, ಕೀಲಿಕೈ ಎಲ್ಲವನ್ನೂ ಪಟ್ಟಿ ಮಾಡಿ ಒಪ್ಪಿಸಿ ಸಹಿ ಪಡೆಯದೆ ಬರಲೇಬಾರದು. ಆರು ತಿಂಗಳ ನಂತರ ಲೆಕ್ಕದಲ್ಲಿ ಹತ್ತು ಸಾವಿರ ಕಡಿಮೆ ಬಿತ್ತು ಎಂದು ಯಾರೋ ಹೇಳಿದರೆ ನಿಮ್ಮ ಕೈಯಲ್ಲಿ ಇರುವ ಸಾಕ್ಷಿ ಅದೊಂದೇ. ಶಾಲೆಯ ಟೀಚರುಗಳು ವರ್ಷದ ನಡುವೆ ಮಕ್ಕಳನ್ನು ಬಿಟ್ಟು ಬರುವುದಕ್ಕಿಂತ ಏಪ್ರಿಲ್, ಮೇ ತಿಂಗಳಲ್ಲಿ ಬದಲಾಯಿಸುವುದು ಎಲ್ಲರಿಗೂ ಒಳ್ಳೆಯದು.

ಬರಬೇಕಾದ ಹಣದ ಬಗ್ಗೆ. ರಾಜೀನಾಮೆ ಕೊಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಎನ್ನುತ್ತದೆ ಹೊಸ ವೇತನ ಸಂಹಿತೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಲ್ಲಿ ಐದು ವರ್ಷ ಸತತವಾಗಿ ದುಡಿದಿದ್ದರೆ ಗ್ರಾಚ್ಯುಟಿ ನಿಮ್ಮ ಹಕ್ಕು: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡಿದ ವರ್ಷಗಳಿಂದ ಗುಣಿಸಿದರೆ ಬರುವ ಮೊತ್ತ. ಗ್ರಾಚ್ಯುಟಿಗೆ ಲೆಕ್ಕವಾಗುವ ವೇತನ 13,000 ಆಗಿದ್ದು ಆರು ವರ್ಷ ದುಡಿದವರಿಗೆ 45,000 ರೂಪಾಯಿ. ನಾಲ್ಕು ವರ್ಷ ಏಳೆಂಟು ತಿಂಗಳಾಗಿದ್ದರೆ ಹಲ್ಲು ಕಚ್ಚಿ ಐದು ತುಂಬಿಸಿ ಬನ್ನಿ ಎಂದೇ ನನ್ನ ಸಲಹೆ. ಬೋನಸ್ ಅನ್ವಯಿಸುವ ಸಂಸ್ಥೆಯಾದರೆ ಬಿಟ್ಟ ವರ್ಷದಲ್ಲಿ ದುಡಿದ ದಿನಗಳ ಬೋನಸ್ ಕೂಡ ಬರಬೇಕು.

ಪಿಎಫ್ ಹಣವನ್ನು ಕಿತ್ತು ತೆಗೆಯಬೇಡಿ, ಹೊಸ ಕಡೆಗೆ ವರ್ಗಾಯಿಸಿ. ಯುಎಎನ್ ಸಂಖ್ಯೆ ಒಂದೇ ಇರಲಿ. ಸೇವೆ ಒಟ್ಟು ಹತ್ತು ವರ್ಷ ತುಂಬಿದರೆ ಪಿಂಚಣಿಗೆ ಅರ್ಹತೆ. ನಡುವೆ ಪಿಂಚಣಿಯ ಪಾಲನ್ನೂ ತೆಗೆದರೆ ಎಣಿಕೆ ಮತ್ತೆ ಒಂದರಿಂದ. ಹಳೆಯ ಮಾಲೀಕರು ನೀವು ಬಿಟ್ಟ ದಿನಾಂಕ ನಮೂದಿಸದೆ ಸತಾಯಿಸಿದರೆ ಕೊನೆಯ ಕಂತು ಬಿದ್ದ ಎರಡು ತಿಂಗಳ ನಂತರ ನೀವೇ ಪೋರ್ಟಲ್‌ನಲ್ಲಿ ನಮೂದಿಸಬಹುದು. ಬಿಡುವ ಮೊದಲು ಪಾಸ್‌ಬುಕ್ ನೋಡಿ. ಸಂಬಳದಲ್ಲಿ ಪಿಎಫ್ ಹಿಡಿದು ಖಾತೆಗೆ ಕಟ್ಟದಿರುವ ಪ್ರಕರಣ ಕಂಡರೆ ಮಂಗಳೂರಿನ ಪಿಎಫ್ ಪ್ರಾದೇಶಿಕ ಕಚೇರಿಗೆ ದೂರು ಕೊಡಿ. ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ 'ನಿಧಿ ಆಪ್ಕೆ ನಿಕಟ್' ಎಂಬ ಅಹವಾಲು ಶಿಬಿರವನ್ನೂ ಇಪಿಎಫ್‌ಒ ನಡೆಸುತ್ತದೆ.

ಅಂಕಪಟ್ಟಿ ಮತ್ತು ಬಾಂಡು, ಇವೆರಡರ ಹೆದರಿಕೆಯೇ ಸುಮಾರು ಹುಡುಗಿಯರನ್ನು ಕಟ್ಟಿಹಾಕಿದೆ. ಮೂಲ ಅಂಕಪಟ್ಟಿಯನ್ನು ಪರಿಶೀಲನೆಗೆ ತೋರಿಸಿ ಆ ಕ್ಷಣವೇ ವಾಪಸು ಪಡೆಯಿರಿ. ಇಟ್ಟುಕೊಳ್ಳುವ ಹಕ್ಕು ಮಾಲೀಕರಿಗಿಲ್ಲ. ಈಗಾಗಲೇ ಕೊಟ್ಟಿದ್ದರೆ ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ತಾಲೂಕು ಕಾರ್ಮಿಕ ನಿರೀಕ್ಷಕರ ಬಳಿ ಹೋಗಿ, ಇಲ್ಲವೇ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿ ಸಂಖ್ಯೆ 15100.

ಬಾಂಡಿನ ವಿಷಯದಲ್ಲಿ ನಮ್ಮ ಮಂಗಳೂರಿನಲ್ಲೇ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣವನ್ನು ತಿಳಿದಿರಬೇಕು. ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ಕೊಡಬೇಕೆಂಬ ಷರತ್ತಿಗೆ ಒಪ್ಪಿ 2007ರಲ್ಲಿ ಸೇರಿದ್ದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟರು, ಹಣವನ್ನು ಆಕ್ಷೇಪದೊಂದಿಗೆ ಕಟ್ಟಿ ನ್ಯಾಯಾಲಯಕ್ಕೆ ಹೋದರು. ಹೈಕೋರ್ಟಿನಲ್ಲಿ ಗೆದ್ದರೂ 2025ರ ಮೇ 14ರಂದು ಸುಪ್ರೀಂ ಕೋರ್ಟು ಬ್ಯಾಂಕಿನ ಷರತ್ತನ್ನೇ ಎತ್ತಿಹಿಡಿಯಿತು. ಸಾರ್ವಜನಿಕ ವಲಯದ ಬ್ಯಾಂಕಿನ ನೇಮಕಾತಿಗೆ ಆಗುವ ಖರ್ಚು, ಹಿರಿಯ ಹುದ್ದೆಯ ಸಂಬಳ ಇವನ್ನೆಲ್ಲ ತೂಗಿ ಕೊಟ್ಟ ತೀರ್ಪು ಅದು. ಆದ್ದರಿಂದ ಬಾಂಡು ಎಂದರೆ ಬರೀ ಕಾಗದ ಎಂದು ಹರಿದೆಸೆಯಬೇಡಿ. ಹಾಗೆಯೇ, ಯಾವ ತರಬೇತಿಯನ್ನೂ ಕೊಡದೆ ಹದಿಮೂರು ಸಾವಿರದ ನೌಕರಳಿಂದ ಬರೆಸಿಕೊಂಡ ಲಕ್ಷ ರೂಪಾಯಿಯ ಬಾಂಡಿಗೂ ಅದೇ ತೀರ್ಪು ಅನ್ವಯಿಸುತ್ತದೆ ಎಂದು ಹೆದರಬೇಡಿ. ಕರಾರು ಕಾಯ್ದೆಯ 74ನೇ ಕಲಮಿನಂತೆ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಬಿಟ್ಟ ಮೇಲೆ ಬೇರೆಲ್ಲೂ ಇದೇ ಕೆಲಸ ಮಾಡಬಾರದು ಎಂಬ ಷರತ್ತು 27ನೇ ಕಲಮಿನ ಪ್ರಕಾರ ಊರ್ಜಿತವಲ್ಲ.

ದಿನಾ ಓಡಾಟವೇ ಬೇಕೆಂದಿಲ್ಲ

ಮಗು ಚಿಕ್ಕದು, ಹಟ್ಟಿಯಲ್ಲಿ ದನ ಇದೆ, ವಯಸ್ಸಾದ ಅತ್ತೆ ಇದ್ದಾರೆ ಎಂಬ ಮನೆಯಲ್ಲಿ ದಿನಕ್ಕೆ ನಾಲ್ಕು ಗಂಟೆ ಹೆಚ್ಚು ಹೊರಗಿರುವುದೆಂದರೆ ಆ ನಾಲ್ಕು ಗಂಟೆಯ ಕೆಲಸವನ್ನು ಮನೆಯಲ್ಲಿ ಇನ್ಯಾರೋ ಮಾಡಬೇಕು. ಹೆಂಗಸು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಎಲ್ಲ ಮುಗಿಸಿ ಆರರ ಬಸ್ಸು ಹಿಡಿಯುತ್ತಾಳೆ ಎಂಬ ವ್ಯವಸ್ಥೆ ಮೂರು ತಿಂಗಳು ನಡೆಯಬಹುದು, ಮೂರು ವರ್ಷ ನಡೆಯುವುದಿಲ್ಲ. ಹೆಚ್ಚಿನ ಸಂಬಳವನ್ನು ಮನೆಮಂದಿ ಹಂಚಿಕೊಳ್ಳುವುದಾದರೆ ಮನೆಗೆಲಸವನ್ನೂ ಹಂಚಿಕೊಳ್ಳಬೇಕು. ಈ ಮಾತನ್ನು ಗಂಡನಿಗೆ, ಅತ್ತೆ ಮಾವನಿಗೆ ಕೆಲಸಕ್ಕೆ ಸೇರುವ ಮುಂಚೆಯೇ ಬಿಡಿಸಿ ಹೇಳಿ.

ಮಳೆಗಾಲದ ನಾಲ್ಕು ತಿಂಗಳು ಮಂಗಳೂರಲ್ಲಿ ಪಿ.ಜಿ. ಹಿಡಿದು ಉಳಿದ ದಿನ ಊರಿನಿಂದ ಹೋಗುವವರಿದ್ದಾರೆ. ಬೆಳ್ತಂಗಡಿ ಕಡೆಯವರು ಬಿ.ಸಿ.ರೋಡಿನಲ್ಲಿ ಬಾಡಿಗೆ ಮನೆ ಮಾಡುವುದು ಇನ್ನೂ ಜಾಣತನ: ಮಂಗಳೂರಿಗೆ ಬಸ್ಸೂ ರೈಲೂ ಇದೆ, ಗಂಡನದ್ದೋ ಹೆಂಡತಿಯದ್ದೋ ಕೆಲಸ ಬೆಳ್ತಂಗಡಿ, ಪುತ್ತೂರಿನಲ್ಲಿದ್ದರೂ ತೀರಾ ದೂರವಾಗುವುದಿಲ್ಲ. ಒಂದು ತಲೆಮಾರಿನ ಹಿಂದೆ ಇದೇ ಊರುಗಳ ಹುಡುಗರು ಮುಂಬಯಿಯ ಹೋಟೆಲುಗಳಿಗೆ ಹೋದರೆ ವರ್ಷಕ್ಕೊಮ್ಮೆ ಮನೆ ಕಾಣುತ್ತಿದ್ದರು. ಈಗ ಸಂಜೆ ಮನೆ ಸೇರುವಷ್ಟು ದೂರದಲ್ಲಿ ಮರ್ಯಾದೆಯ ಕೆಲಸ ಸಿಗುತ್ತಿದ್ದರೆ ಅದನ್ನು ಹೆದರಿ ಬಿಡುವುದು ಸರಿಯಲ್ಲ.

ಕೊನೆಗೊಂದು ಮನವಿ. ನಿಮ್ಮ ದಾರಿಯಲ್ಲಿ ಡ್ಯೂಟಿಯ ಹೊತ್ತಿಗೆ ಬಸ್ಸಿಲ್ಲ ಎಂದಾದರೆ ಒಬ್ಬರೇ ಗೊಣಗಿಕೊಳ್ಳಬೇಡಿ. ದಿನಾ ಒಂದೇ ಸ್ಟಾಪಿನಲ್ಲಿ ನಿಲ್ಲುವವರು ಇಪ್ಪತ್ತು ಮಂದಿ ಸಹಿ ಹಾಕಿ, ಯಾವ ಊರಿನಿಂದ ಯಾವ ಊರಿಗೆ, ಎಷ್ಟು ಗಂಟೆಗೆ, ಎಷ್ಟು ಮಂದಿ ಎಂದು ಸ್ಪಷ್ಟವಾಗಿ ಬರೆದು ಅರ್ಜಿ ಕೊಡಿ. ಬಂಟ್ವಾಳ, ಬೆಳ್ತಂಗಡಿಯವರು ಕೆಎಸ್‌ಆರ್‌ಟಿಸಿಯ ಪುತ್ತೂರು ವಿಭಾಗಕ್ಕೆ, ಮೂಡುಬಿದಿರೆಯವರು ಮಂಗಳೂರು ವಿಭಾಗಕ್ಕೆ. ಖಾಸಗಿ ಬಸ್ಸು ಟ್ರಿಪ್ ತಪ್ಪಿಸುತ್ತಿದ್ದರೆ ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ. ಅರ್ಜಿಯ ಒಂದು ಪ್ರತಿಗೆ ಸ್ವೀಕೃತಿ ಪಡೆದಿಟ್ಟುಕೊಳ್ಳಿ, ಒಂದು ತಿಂಗಳ ನಂತರ ಅದನ್ನು ಹಿಡಿದುಕೊಂಡು ಮತ್ತೆ ಹೋಗಿ ಕೇಳಿ.